ಫಟಫಟಿಗೆ ಕೀಲೆಣ್ಣೆ

ಮೋಟಾರು ಸೈಕಲ್ಲಿನ ಪ್ಲಗ್ಗನ್ನು ಅಡಿಗೆ ಒಲೆಯ ಕೆಂಡದಲ್ಲಿಟ್ಟು ಸುಡುತ್ತಿದ್ದ ಹೆಂಗಸು ಇಡೀ ಅಜ್ಜಂಪುರದಲ್ಲಿ ನಾನೊಬ್ಬಳೇ. ಬಾವಿಕಟ್ಟೆಯಲ್ಲಿ ಹೆಂಗಸರು ಇದನ್ನೇ ಹೇಳಿಕೊಂಡು ನಗುತ್ತಿದ್ದರು. ನಗಲಿ ಬಿಡಿ. ಅವರ ಗಂಡಂದಿರು ಮನೆಗೆ ಬರೀ ಹಸಿವು ತರುತ್ತಿದ್ದರು, ನನ್ನ ಗಂಡ ಹಸಿವಿನ ಜೊತೆಗೆ ಒಂದು ಪ್ಲಗ್ಗನ್ನೂ ತರುತ್ತಿದ್ದರು, ಅಷ್ಟೇ ವ್ಯತ್ಯಾಸ.

ನಮ್ಮ ಯಜಮಾನರು ಸರ್ಕಾರದ ದನದ ಡಾಕ್ಟರು. ಮಹಾರಾಜರ ಕಾಲ ಅದು. ಶಿವನಿ, ತರೀಕೆರೆ, ಆ ಕಡೆ ಕಡೂರಿನ ತನಕ ಹಳ್ಳಿಗಳ ದನಗಳೆಲ್ಲ ಇವರ ಪಾಲಿಗೆ. ರೈಲು ಇರುವ ಕಡೆ ರೈಲು, ಇಲ್ಲದ ಕಡೆ ಎತ್ತಿನ ಗಾಡಿ. ಗಾಡಿ ಕಟ್ಟಿಕೊಂಡು ಹೋಗಿ ತಲುಪುವಷ್ಟರಲ್ಲಿ ಮದ್ದಿಗೆ ಕಾದಿದ್ದ ಹಸು ಎಷ್ಟೋ ಸಲ ಕಣ್ಣು ಮುಚ್ಚಿರುತ್ತಿತ್ತು. ಅಂಥ ದಿನ ಮನೆಗೆ ಬಂದು ಊಟ ಬಿಟ್ಟು ಗೋಡೆ ನೋಡುತ್ತಾ ಕೂರುತ್ತಿದ್ದರು. ಹೀಗಿರುವಾಗ ಬೆಟ್ಟದ ಮೇಲಿನ ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ಸೀಮೆಗೆ ವಾಪಸು ಹೊರಟಿದ್ದಾನೆ, ಮೋಟಾರು ಸೈಕಲ್ಲು ಮಾರುತ್ತಾನೆ ಎಂಬ ಸುದ್ದಿ ಬಂತು. ಇವರು ಹಿಂದೆ ಮುಂದೆ ನೋಡಲಿಲ್ಲ. ಮಾವನ ಜೋಡಿ ಎತ್ತುಗಳನ್ನು ಶಿವನಿ ಹತ್ತಿರದ ಒಬ್ಬ ರೈತನಿಗೆ ಮಾರಿ ಅದನ್ನು ತಂದೇಬಿಟ್ಟರು.

ಹೊಲವನ್ನು ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟಾಗಿತ್ತು, ತೆಂಗಿನ ತೋಟಕ್ಕೆ ಎತ್ತು ಬೇಕಿರಲಿಲ್ಲ ಎನ್ನುವುದು ಇವರ ವಾದ. ಇರಬಹುದು. ಆದರೆ ಮಾವನನ್ನು ಒಂದು ಮಾತು ಕೇಳಲಿಲ್ಲ. ಅಮೃತಮಹಲ್ ತಳಿಯ ಆ ಜೋಡಿಯನ್ನು ಮಾವ ಕರುಗಳಾಗಿದ್ದಾಗಿನಿಂದ ಕೈಯಾರೆ ಸಾಕಿದ್ದರು. ಅತ್ತೆ ಸತ್ತಾಗ ಇವರಿನ್ನೂ ನಡೆಯಲು ಕಲಿಯುತ್ತಿದ್ದ ಕೂಸಂತೆ, ಮಾವ ಇನ್ನೊಂದು ಮದುವೆಯಾಗದೆ ಮಗನನ್ನೂ ದನಗಳನ್ನೂ ಒಂದೇ ಕೈಯಲ್ಲಿ ಬೆಳೆಸಿದವರು. ಎತ್ತಿಲ್ಲದ ಕೊಟ್ಟಿಗೆ ನೋಡಿ ಜಗಲಿಯ ಮೇಲೆ ಕೂತು ಒಂದೇ ಮಾತು ಆಡಿದರು. "ಎತ್ತು ಮಾರಿ ಎತ್ತಿಗೆ ಮದ್ದು ಹಾಕಕ್ಕೆ ಹೊಂಟವ್ನೆ ನನ್ ಮಗ." ಅವತ್ತಿನಿಂದ ಮಗನ ಜೊತೆ ಮಾತು ನಿಂತಿತು. ಇವರೇನು ಕಮ್ಮಿಯೇ? ಅಪ್ಪ ಮಾತಾಡಿಸದಿದ್ದರೆ ತಾನೂ ಮಾತಾಡಿಸುವುದಿಲ್ಲ ಎಂದು ಬಿಗಿದುಕೊಂಡರು.

ಫಟಫಟಿ ಬಂದ ದಿನ ಊರೇ ನಮ್ಮ ಬಾಗಿಲಲ್ಲಿತ್ತು. ಎಣ್ಣೆ ತೊಟ್ಟಿಯ ಮೇಲೆ ಹಿತ್ತಾಳೆಯ ಒಂದು ಪುಟ್ಟ ಗುಂಡು. ಅದೇನು ಸ್ವಾಮಿ ಎಂದು ಯಾರೋ ಕೇಳಿದರು.

"ಇದೇ ಇದರ ಕೀಲೆಣ್ಣೆ ಕಣ್ರೋ," ಎಂದು ಇವರು ಎದೆಯುಬ್ಬಿಸಿ ಹೇಳಿದರು. "ಈ ಗುಂಡು ಮೇಲಕ್ಕೆಳೆದು ಕೆಳಕ್ಕೆ ಒತ್ತಬೇಕು. ಒಂದ್ ಸಲ ಒತ್ತಿದ್ರೆ ಆರೇಳು ಮೈಲಿಗೆ ಸಾಕು. ಎಣ್ಣೆ ಒಳಗೋಗ್ತದೆ."

ಗಾಡಿಯ ಅಚ್ಚಿಗೆ ಹಚ್ಚುವ ಕೀಲೆಣ್ಣೆ, ಹರಳೆಣ್ಣೆಗೆ ಹುಲ್ಲು ಸುಟ್ಟ ಬೂದಿ ಕಲಸಿದ್ದು, ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲರೂ ತಲೆಯಾಡಿಸಿದರು. ಮಾವ ಜಗಲಿಯಲ್ಲಿ ಮುಖ ಗೋಡೆಯ ಕಡೆ ತಿರುಗಿಸಿ ಕೂತಿದ್ದರು. ಮುಖ ಗೋಡೆಯ ಕಡೆ, ಕಿವಿ ಇತ್ತ ಕಡೆ.

ಆಮೇಲೆ ನನ್ನ ಪಾಡು ನಾಯಿಪಾಡು. ಅಪ್ಪ ಮಗ ಒಂದೇ ಪಡಸಾಲೆಯಲ್ಲಿ ಪಕ್ಕಪಕ್ಕದಲ್ಲಿ ಉಣ್ಣಲು ಕೂತು, "ಅವನ್ಗೆ ಹೇಳವ್ವ, ತೋಟದ ಬೇಲಿ ಬಿದ್ದೋಗದೆ" ಎಂದು ಮಾವ, "ಅಪ್ಪನಿಗೆ ಹೇಳು, ನಾಳೆ ಆಳು ಕಳಿಸ್ತೀನಿ" ಎಂದು ಇವರು. ನಾನು ಒಳಗೆ ರೊಟ್ಟಿ ತಟ್ಟುತ್ತಿದ್ದರೆ ಇಬ್ಬರೂ ಕಂಬಕ್ಕೆ ಹೇಳುತ್ತಿದ್ದರು. ಕಂಬಕ್ಕಾದರೂ ಒಂದು ತುತ್ತು ಹಾಕಿ ಎಂದು ನಾನು ರೇಗುತ್ತಿದ್ದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ.

ಶ್ರಾವಣ ಬರುವಷ್ಟರಲ್ಲಿ ನಾನು ಬಸುರಿಯೆಂದು ಗೊತ್ತಾಯಿತು. ಮಾರನೆಯ ದಿನದಿಂದ ಬೆಳಿಗ್ಗೆ ಎದ್ದರೆ ಹೊಸ್ತಿಲ ಪಕ್ಕ ಮಾವ ಒಂದು ಎಳನೀರು ಕೆತ್ತಿ ಇಟ್ಟಿರುತ್ತಿದ್ದರು. ಇವರ ಸಂತೋಷಕ್ಕಂತೂ ಮಿತಿ ಇರಲಿಲ್ಲ. ಸಂತೋಷವಿದ್ದರೂ ಮಾತಿಲ್ಲ! ಒಂದು ದಿನ ಉಣ್ಣಲು ಕೂತಿದ್ದ ಇಬ್ಬರ ಮುಂದೆಯೂ ಸೌಟು ಹಿಡಿದು ನಿಂತೆ.

"ಕೇಳಿಸ್ಕೊಳಿ ಇಬ್ರೂ. ಹೆರಿಗೆಗೆ ತರೀಕೆರೆ ತವರಿಗೆ ಹೋಗ್ತೀನಲ್ಲ, ನೀವಿಬ್ರೂ ಬಾಯಿ ಬಿಟ್ಟು ಮಾತಾಡಿದ ಸುದ್ದಿ ಬರೋ ತನಕ ಕೂಸನ್ನ ಎತ್ಕೊಂಡು ಈ ಮನೆಗೆ ಬರಲ್ಲ. ಮೂಗರ ಮನೇಲಿ ನನ್ ಕೂಸು ಮಾತು ಕಲಿಯೋದು ಯಾರಿಂದ, ಈ ಕಂಬದಿಂದಲಾ?"

ಇಬ್ಬರೂ ತಲೆ ತಗ್ಗಿಸಿ ಉಂಡರು. ನಾನು ಹೇಳಿದ್ದೇನೋ ಹೇಳಿದೆ, ಒಳಗೆ ಹೋಗಿ ಅತ್ತೆ. ಇಬ್ಬರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹುಟ್ಟುವ ಮುಂಚೆಯೇ ಬಡವಾಗುತ್ತದಲ್ಲ ಎಂದು ಸಂಕಟ.

ಅದೇ ದಿನಗಳಲ್ಲಿ ಫಟಫಟಿಯೂ ಕೆಟ್ಟಿತು. ಬೇಸಗೆಯೆಲ್ಲ ಚೆನ್ನಾಗಿ ಓಡಿದ್ದು ಈಗ ಬೆಳಿಗ್ಗೆ ಹೊರಟು ಕೆರೆ ಏರಿ ಮುಟ್ಟುವಷ್ಟರಲ್ಲಿ ಹಿಂದಿನಿಂದ ನೀಲಿ ಹೊಗೆ ಬಿಟ್ಟು, ಕೆಮ್ಮಿ ಕೆಮ್ಮಿ, ನಿಂತುಬಿಡುತ್ತಿತ್ತು. ಇವರು ತಳ್ಳಿಕೊಂಡು ವಾಪಸು ಬಂದು, ಪ್ಲಗ್ಗು ಬಿಚ್ಚಿ, ಬೆವರು ಒರೆಸಿಕೊಳ್ಳುತ್ತಾ ಅಡಿಗೆಮನೆಗೆ ನುಗ್ಗುತ್ತಿದ್ದರು. ಒಳಗೆ ಪೆಟ್ರೋಲಿಗೆ ಕಿಡಿ ಹಚ್ಚುವುದೇ ಆ ಪ್ಲಗ್ಗು. ಹೆಬ್ಬೆರಳ ಗಾತ್ರದ ಅದರ ತುದಿಯಲ್ಲಿ ಕಿಡಿ ಹಾರದಿದ್ದರೆ ಅಷ್ಟು ದೊಡ್ಡ ಯಂತ್ರ ಬರೀ ಕಬ್ಬಿಣ.

ಪ್ಲಗ್ಗು ನೋಡಿ ರೋಗ ಹೇಳುವುದನ್ನು ಇವರೇ ನನಗೆ ಕಲಿಸಿದರು. ಕಲಿಸುವುದೇನು, ಹೆಂಗಸರಿಗೆ ಗೊತ್ತಿಲ್ಲದ್ದೇ? ತುದಿ ಕಂದು ಬಣ್ಣಕ್ಕಿದ್ದರೆ ಆರೋಗ್ಯ. ಒಣಗಿ ಕಪ್ಪಗಿದ್ದು ಮುಟ್ಟಿದರೆ ಉದುರುವುದಾದರೆ ಅದು ಪಾತ್ರೆ ತಳದ ಮಸಿ, ಪೆಟ್ರೋಲು ಜಾಸ್ತಿಯಾಗಿದೆ ಎಂದು ಅರ್ಥ. ಒದ್ದೆಯಾಗಿ, ಮಿರಮಿರ ಮಿಂಚುತ್ತಾ, ಬೆರಳಿಗೆ ಮೆತ್ತಿಕೊಂಡರೆ ಅದು ಕಾಡಿಗೆ. ಎಣ್ಣೆ ಏರಿದೆ. ನಮ್ಮದು ಕಾಡಿಗೆಯೇ. ಮೊದಲ ಸಲ ನನ್ನ ಬೆರಳಿಗಂಟಿದ್ದನ್ನು ಇವರ ಕೆನ್ನೆಗೆ ಒರೆಸಿ ದೃಷ್ಟಿಬೊಟ್ಟು ಇಟ್ಟೆ. ಆತುರದಲ್ಲಿದ್ದ ಮಹಾಶಯರು ಕನ್ನಡಿ ನೋಡದೆ ಹಾಗೇ ಹೋಗಿ ಅಮಲ್ದಾರರ ಮುಂದೆ ನಿಂತಿದ್ದರಂತೆ. ಸಂಜೆ ಬಂದು ನನಗೆ ಬೈದರು, ಬೈಯುತ್ತಾ ನಕ್ಕರು.

ಇಕ್ಕಳದಲ್ಲಿ ಹಿಡಿದು ಕೆಂಡದಲ್ಲಿಟ್ಟರೆ ಎಣ್ಣೆ ಚುರ್ ಎಂದು ಹೊತ್ತಿ ಉರಿದು ತುದಿ ಕೆಂಪಗಾಗುತ್ತದೆ. ತೆಗೆದು ತಾನಾಗಿ ಆರಲು ಬಿಡಬೇಕು, ನೀರು ಸೋಕಿದರೆ ಅದರ ಪಿಂಗಾಣಿ ಬಿರಿದುಹೋಗುತ್ತದೆ. ಆಮೇಲೆ ಚಾಕುವಿನ ತುದಿಯಲ್ಲಿ ಕೆರೆದು, ಕಿಡಿ ಹಾರುವ ಸಂದಿನಲ್ಲಿ ಉಗುರು ತೂರಿಸಿ ನೋಡಿ ಕೊಟ್ಟರೆ, ಇವರು ಬಿಗಿದುಕೊಂಡು ಹೊರಡುತ್ತಿದ್ದರು. ಮತ್ತೆ ನಾಳೆ ಬೆಳಿಗ್ಗೆ ಅದೇ ಕಥೆ.

ಎಣ್ಣೆ ಎಲ್ಲಿಂದ ಏರುತ್ತಿದೆ? ಇವರಿಗೆ ಅದೇ ಜಪ. ಹೊಸ ಪ್ಲಗ್ಗು ಹಾಕಿದರು, ಅದಕ್ಕೂ ಕಾಡಿಗೆ. ಯಂತ್ರಕ್ಕೆ ಹಾಕುವ ಡಬ್ಬದ ಎಣ್ಣೆ ಬೇರೆ ಬೇಗ ಬೇಗ ಮುಗಿಯುತ್ತಿತ್ತು. ಒಳಗೆ ಪಿಸ್ಟನ್ನಿಗೆ ತೊಡಿಸಿರುವ ರಿಂಗುಗಳು ಸವೆದು ಸಂದಿಯಿಂದ ಎಣ್ಣೆ ನುಗ್ಗುತ್ತಿದೆ ಎಂದು ನಿಶ್ಚಯ ಮಾಡಿ ಬೆಂಗಳೂರಿನಿಂದ ರೈಲಿನಲ್ಲಿ ಹೊಸ ರಿಂಗು ತರಿಸಿದರು. "ಕಟ್ಕೊಂಡೋಳಿಗೆ ಒಂದು ಉಂಗುರ ಇಲ್ಲ, ಫಟಫಟಿಗೆ ಜೊತೆ ಉಂಗುರ," ಎಂದೆ. ಭಾನುವಾರ ಪೂರ್ತಿ ಕೂತು ಬಿಚ್ಚಿ, ತೊಡಿಸಿ, ಮುಚ್ಚಿದರು. ಸೋಮವಾರ ಬೆಳಿಗ್ಗೆ ಕೆರೆ ಏರಿ ಮೇಲೆ ಮತ್ತೆ ನಿಂತಿತು. ಅವತ್ತು ಶಿವನಿ ಕಡೆಯ ಹಳ್ಳಿಯೊಂದರಲ್ಲಿ ಕರು ಅಡ್ಡ ಸಿಕ್ಕಿಕೊಂಡು ಹಸುವೊಂದು ನರಳುತ್ತಿತ್ತು. ಇವರು ಹೋಗುವಷ್ಟರಲ್ಲಿ ಎರಡೂ ಹೋಗಿದ್ದವು.

ಸಂಜೆ ಬಂದು ಒಲೆಯ ಮುಂದೆ ಕುಕ್ಕರಿಸಿ ಕೂತರು. ನನಗೆ ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಕೇಳಿದೆ.

"ರೀ, ಹೋಗೋವಾಗ ಕೆಡೋದು ಬರೋವಾಗ ಯಾಕೆ ಕೆಡಲ್ಲ? ತರೀಕೆರೇಲಿ ಒಂದ್ ರಾತ್ರಿ ಉಳಿದ್ರಲ್ಲ, ಮಾರನೇ ಬೆಳಿಗ್ಗೆ ಅಲ್ಲಿ ನಿಲ್ತಾ?"

"ಇಲ್ಲ."

"ಉಂಗುರ ಸವೆದಿದ್ರೆ ತರೀಕೆರೇಲೂ ಸವೆದಿರ್ಬೇಕಲ್ಲ? ನಮ್ಮನೆ ಬಾಗ್ಲಲ್ಲಿ ಮಾತ್ರ ಸವೆಯುತ್ತಾ?"

ಇವರು ಇಕ್ಕಳದಲ್ಲಿ ಕೆಂಡ ಕೆದಕಿದರು. ಆಮೇಲೆ ಅಂದ ಮಾತನ್ನು ನಾನು ಈಗಲೂ ಮರೆತಿಲ್ಲ. "ನಮ್ಮನೆ ಬಾಗ್ಲಲ್ಲಿ ಇರೋದು ಅಪ್ಪ ಕಣೇ. ಅವನಿಗೆ ಇದು ಬೇಡ. ದಿನಾ ಬೆಳಿಗ್ಗೆ ನಾನು ಹೊರಡೋದನ್ನ ಜಗಲೀಲಿ ಕೂತು ನೋಡ್ತಾನಲ್ಲ, ಅವನ ಶಾಪ ಕಣೇ ಇದು. ಓದಿದೋನು ಹಿಂಗನ್ನಬಾರ್ದು, ಗೊತ್ತು. ಆದ್ರೆ ಬೇರೆ ಏನೂ ಉಳಿದಿಲ್ಲ."

"ಥೂ, ಬಿಡ್ತು ಅನ್ನಿ!" ಎಂದು ಕೂಗಿದೆ. ಇವರು ಅನ್ನಲಿಲ್ಲ. ತಂದೆ ತನಗೆ ಕೆಟ್ಟದ್ದು ಬಯಸುತ್ತಾನೆ ಎಂದು ಒಬ್ಬ ಮಗ ನಂಬಿಬಿಟ್ಟರೆ ಇನ್ನು ಮಾತು ಎಲ್ಲಿಂದ ಬರಬೇಕು? ಇಷ್ಟು ದಿನ ಬರೀ ಹಟವಿತ್ತು, ಹಟ ಒಂದು ದಿನ ಕರಗುತ್ತದೆ ಎಂದು ನಾನು ಆಸೆಯಲ್ಲಿದ್ದೆ. ಅವತ್ತು ನನ್ನ ಆಸೆ ಸತ್ತುಹೋಯಿತು.

ಆದರೆ ಶಾಪಕ್ಕೆ ಎಣ್ಣೆ ಇರುವುದಿಲ್ಲ. ಆ ಪ್ಲಗ್ಗು ಸುಟ್ಟವಳು ನಾನು, ಅದರಲ್ಲಿದ್ದದ್ದು ಡಬ್ಬದ ಎಣ್ಣೆ. ಯಾರದೋ ಕೈ ಇದರಲ್ಲಿದೆ ಎನ್ನಿಸಿತು. ಯಾರ ಕೈ ಎನ್ನುವುದೂ ಹೊಳೆಯಿತು. ಮಾರನೆಯ ಬೆಳಿಗ್ಗೆ ಕೋಳಿ ಕೂಗುತ್ತಲೇ ಎದ್ದು ಕೊಟ್ಟಿಗೆಗೆ ಹೋದೆ. ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ಫಟಫಟಿ ನಿಲ್ಲಿಸುತ್ತಿದ್ದುದು. ನೋಡಿದರೆ ಮಾವ ಅಲ್ಲಿ ನಿಂತಿದ್ದಾರೆ, ಹಿತ್ತಾಳೆ ಗುಂಡು ಅವರ ಕೈಯಲ್ಲಿದೆ. ಎಳೆದರು, ಒತ್ತಿದರು. ಮತ್ತೆ ಎಳೆದರು.

"ಮಾವಾ! ಏನ್ ಮಾಡ್ತಿದೀರಿ ಅಲ್ಲಿ?"

ಅವರು ಬೆಚ್ಚಿಬಿದ್ದು ಕೈ ಹಿಂದಕ್ಕೆಳೆದುಕೊಂಡರು. "ಏನಿಲ್ಲ ಕಣವ್ವ."

"ಏನಿಲ್ವಾ? ನಿಮ್ ಮಗ ದಿನಾ ಕೆರೆ ಏರಿಯಿಂದ ತಳ್ಕೊಂಡು ಬರೋದು ಏನಿಲ್ವಾ? ನಿನ್ನೆ ಹಸು ಸತ್ತಿದ್ದು ಏನಿಲ್ವಾ? ಅಷ್ಟು ದ್ವೇಷ ಇದ್ರೆ ಕೊಡಲಿ ತಗೊಂಡು ಒಡೆದಾಕಿ, ಹಿಂಗೆ ಕದ್ದು ಕದ್ದು ಮಾಡ್ಬೇಡಿ!"

ಮಾವ ನನ್ನ ಮುಖ ನೋಡಿದರು. ಅವರಿಗೆ ನಾನು ಏನು ಹೇಳುತ್ತಿದ್ದೇನೆಂದೇ ಅರ್ಥವಾಗಿರಲಿಲ್ಲ. "ಎಣ್ಣೆ ಹಾಕ್ತಿದ್ದೆ ಕಣವ್ವ. ಗಾಡಿ ಹೊರಡೋ ಮುಂಚೆ ಕೀಲೆಣ್ಣೆ ಹಾಕ್ದೆ ಇರಕ್ಕಾಯ್ತದಾ? ನಮ್ಮನೇಲಿ ಹಿರೀಕನೇ ಹಾಕಬೇಕು. ನಮ್ಮಪ್ಪ ಹಾಕ್ತಿದ್ದ, ಆಮೇಲೆ ನಾನು. ಗಾಡೀಲಿ ಕೂರೋ ತಲೆಗೊಂದು ಬೆರಳು ಎಣ್ಣೆ, ಇದು ಇಂಥೋರ್ದು, ಇದು ಇಂಥೋರ್ದು ಅಂತ ಹೆಸರು ಹೇಳಿ. ನಿಮ್ಮತ್ತೇನ ಕರ್ಕಂಡ್ ಬಂದಾಗ್ಲೂ ಹಂಗೇ ಹಾಕಿದ್ದೆ. ಇವನ್ನ ಓದಕ್ಕೆ ಕಡೂರಿಗೆ ಬಿಡಕ್ಕೋದಾಗ್ಲೂ ಹಾಕಿದ್ದೆ. ಇವತ್ತಿನ್ ತಂಕ ನಮ್ ಗಾಡಿ ಒಂದ್ ದಿನ ಮಗುಚಿಲ್ಲ."

"ಮಾತೇ ಆಡಲ್ಲ ಅವರ ಜೊತೆ. ಎಣ್ಣೆ ಯಾಕೆ ಹಾಕ್ತೀರಿ?"

"ಮಾತು ಬೇರೆ ಕಣವ್ವ," ಎಂದರು ಮಾವ. "ಅವ್ನು ಮನೆಗೆ ಬರಬೇಡ್ವಾ?"

ನಾನು ಅಲ್ಲೇ ಗೋದಲಿಯ ಕಟ್ಟೆಯ ಮೇಲೆ ಕೂತೆ. ಮಾವ ಮೆಲ್ಲಗೆ ಮುಂದುವರಿಸಿದರು. "ಮೊದ್ಲು ಒಂದ್ ಸಲ ಒತ್ತುತಿದ್ದೆ, ಅವನ್ದು. ನಿನ್ಗೆ ದಿನ ನಿಂತದೆ ಅಂತ ಗೊತ್ತಾದ್ಮೇಲೆ ಮೂರು. ನಿನ್ದೊಂದು, ಕೂಸಿನ್ದೊಂದು."

"ನಾನು ಅದರ ಮೇಲೆ ಕೂತೇ ಇಲ್ವಲ್ಲ ಮಾವ."

"ಅವ್ನು ಬಿದ್ರೆ ನೀವಿಬ್ರೂ ಬಿದ್ದಂಗೇ ಅಲ್ವೇನವ್ವ? ಕೂತಂಗೇ ಲೆಕ್ಕ."

ಗೋದಲಿ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತೆ. ಒಂದು ಸಲದ್ದನ್ನು ಯಂತ್ರ ಹೇಗೋ ತಡೆದುಕೊಂಡಿತ್ತು, ಮೂರರದ್ದು ಅದಕ್ಕೆ ಹೆಚ್ಚಾಯಿತು, ಮೇಲೆ ಇವರು ಬೇರೆ ಹೊರಡುವಾಗ ತಮ್ಮದೊಂದು ಒತ್ತುತ್ತಿದ್ದರು. ನನ್ನ ಬಸುರು, ಫಟಫಟಿಯ ರೋಗ ಒಟ್ಟಿಗೇ ಬಂದದ್ದು ಇದಕ್ಕೇ. ಅತಿಯಾದರೆ ಅಮೃತವೂ ವಿಷ ಮಾವ, ಎಣ್ಣೆ ಹೆಚ್ಚಾಗಿ ಒಳಗಿನ ಕಿಡಿ ಆರಿಹೋಗುತ್ತಿದೆ ಎಂದು ತಿಳಿಸಿ ಹೇಳಿದೆ. ಅವರ ಮುಖ ನೋಡಲಾಗಲಿಲ್ಲ.

"ಹಂಗಾರೆ ದಿನಾ ನಿಲ್ಸಿದ್ದು ನಾನೇಯಾ? ಆ ಹಸುನೂ..." ಎಂದವರು ನನ್ನ ಕೈ ಹಿಡಿದುಕೊಂಡರು. "ಅವನ್ಗೆ ಹೇಳ್ಬೇಡ ಕಣವ್ವ. ಇನ್ಮೇಲೆ ಮುಟ್ಟಲ್ಲ. ನಿನ್ ದಮ್ಮಯ್ಯ ಹೇಳ್ಬೇಡ."

ಅವರು ಮುಟ್ಟದಿದ್ದರೆ ಫಟಫಟಿ ನೆಟ್ಟಗಾಗುತ್ತಿತ್ತು, ನಿಜ. ಆದರೆ ಇವರ ಮನಸ್ಸಿನಲ್ಲಿ ಶಾಪ ಹಾಗೇ ಉಳಿಯುತ್ತಿತ್ತು. ಅಂಥ ರಿಪೇರಿ ನನಗೆ ಬೇಕಿರಲಿಲ್ಲ. "ಹೇಳಲ್ಲ ಮಾವ," ಎಂದು ಮಾತು ಕೊಟ್ಟೆ. "ಆದ್ರೆ ನಾಳೆ ಒಂದಿನ ಮೂರೂ ಒತ್ತಿ. ಕೂಸಿನ್ದು ಅರ್ಧಕ್ಕೆ ನಿಲ್ಲಿಸ್ಬಾರ್ದು." ಹೇಳುವುದಿಲ್ಲ ಎಂದಿದ್ದೆ, ತೋರಿಸುವುದಿಲ್ಲ ಎಂದಿರಲಿಲ್ಲ.

ಮಾರನೆಯ ಬೆಳಿಗ್ಗೆ ಇವರನ್ನು ಅಲುಗಿಸಿ ಎಬ್ಬಿಸಿ, ಬಾಯಿ ಮುಚ್ಚಿಕೊಂಡು ಬನ್ನಿ ಎಂದು ಕೈ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದೆ. ಹುಲ್ಲಿನ ಮೆದೆಯ ಮರೆಯಲ್ಲಿ ನಿಂತೆವು. ಮಾವ ಬಂದರು. ಗುಂಡು ಎಳೆದು ಒತ್ತಿ, "ಇದು ನನ್ ಮಗನ್ದು" ಎಂದರು. ಮತ್ತೆ ಎಳೆದು, "ಇದು ಸೊಸೇದು" ಎಂದರು. ಮೂರನೆಯದನ್ನು ಬಹಳ ಮೆಲ್ಲಗೆ, ಹಸುಗೂಸಿನ ತಲೆ ಮುಟ್ಟುವಷ್ಟು ಮೆಲ್ಲಗೆ ಒತ್ತಿದರು. ಆಮೇಲೆ ಬೆರಳನ್ನು ಕಣ್ಣಿಗೊತ್ತಿಕೊಂಡು, ಎತ್ತಿನ ಬೆನ್ನು ಸವರುವ ಹಾಗೆ ಫಟಫಟಿಯ ಮೈ ಸವರಿದರು.

ಇವರು ಸಿಟ್ಟಿನಲ್ಲಿ ಕೂಗಿಬಿಡುತ್ತಾರೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಇವರು ನನ್ನ ಕೈ ಬಿಟ್ಟು ಮೆದೆಯ ಮರೆಯಿಂದ ಹೋಗಿ ಅವರ ಮುಂದೆ ನಿಂತರು. ಮಾವ ಹಿಂದೆ ಸರಿದು, ನೊಗ ತೂಗುಹಾಕಿದ್ದ ಗೋಡೆಗೆ ಒರಗಿದರು.

"ಅಪ್ಪಾ."

ಮಾವ ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಒಂದೇ ಸಾಕಪ್ಪ," ಎಂದರು ಇವರು. "ಮೂರೂ ಜನದ್ದು ಸೇರ್ಸಿ ಒಂದೇ ಸಲ ಒತ್ತು. ನಾನು ಮನೇಲಿ ಒತ್ತಲ್ಲ. ಹೊರಡೋವಾಗಿನ್ದು ನಿನ್ದೇ."

"ಒಂದು ಸಾಕೇನೋ?" ಎಂದರು ಮಾವ. "ಮೂರು ಜನ ಕಣೋ."

"ಸಾಕಪ್ಪ."

ಮಾವ ಗೋಡೆಯ ಮೇಲಿನ ನೊಗವನ್ನು ಸವರಿದರು. ಕೊನೆಗೆ ತಾವೇ ಕೇಳಿದರು, "ಎತ್ತು ಹೆಂಗವ್ಯೋ?"

"ಆ ಕಡೆ ಹೋದಾಗೆಲ್ಲ ನೋಡ್ಕೊಂಡೇ ಬರ್ತೀನಪ್ಪ. ಎಡದ್ದಕ್ಕೆ ಗೊರಸು ಬಿರಿದಿತ್ತು, ಮದ್ದು ಹಾಕಿದೀನಿ. ನಿನ್ ದನಿ ಕೇಳ್ಬೇಕು ಅಂತಾವೆ ಅವು."

ನನಗೂ ಗೊತ್ತಿರಲಿಲ್ಲ ಇದು. ನೋಡಿ, ಎಂಥ ಅಪ್ಪ, ಎಂಥ ಮಗ! ಒಬ್ಬರು ಕದ್ದು ಎಣ್ಣೆ ಹಾಕುವುದು, ಇನ್ನೊಬ್ಬರು ಕದ್ದು ಎತ್ತಿಗೆ ಮದ್ದು ಹಾಕುವುದು, ನಡುವೆ ನಾನು ಕಂಬದ ಜೊತೆ ಪೈಪೋಟಿ. ಇಬ್ಬರಿಗೂ ನಾಲ್ಕು ಬಾರಿಸಬೇಕು ಎನ್ನಿಸಿತು. ಬದಲಿಗೆ ಒಳಗೆ ಹೋಗಿ ಬೆಲ್ಲ ಹಾಕಿ ಪಾಯಸ ಮಾಡಿದೆ.

ಮಗಳು ತರೀಕೆರೆಯಲ್ಲಿ ಹುಟ್ಟಿದಳು. ಬಾಣಂತನ ಮುಗಿಯುತ್ತಲೇ ಎತ್ತಿಕೊಂಡು ಬಂದೆ. ಬೆಳಿಗ್ಗೆ ಇವರು ಹೊರಡುವ ಮುಂಚೆ "ಅಪ್ಪಾ, ಎಣ್ಣೆ" ಎಂದು ಕೂಗುವುದು, ಮಾವ ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಒತ್ತುವುದು, "ಒಂದು ಸಾಕೇನೋ?" ಎಂದು ಕೇಳುವುದು, "ಸಾಕಪ್ಪ" ಎನ್ನುವುದು. ಮಗ ಹುಟ್ಟಿದ ಮೇಲೆ "ಈಗ ನಾಲ್ಕು ಜನ ಕಣೋ" ಎಂದು ವಾದಿಸಿ ನೋಡಿದರು, ನಡೆಯಲಿಲ್ಲ. ಒಂದು ದಿನವಾದರೂ ಕೇಳದೆ ಬಿಡಲಿಲ್ಲ. ಫಟಫಟಿ ಕೆರೆ ಏರಿಯ ಮೇಲೆ ಮತ್ತೆ ನಿಲ್ಲಲೂ ಇಲ್ಲ, ಮಾವ ಇರುವ ತನಕ.

ಮಾವನ ತಿಥಿ ಎಲ್ಲ ಮುಗಿದು, ಇವರು ಮೊದಲ ಸಲ ಕೆಲಸಕ್ಕೆ ಹೊರಟ ಬೆಳಿಗ್ಗೆ. ಹೋಗಿ ಸ್ವಲ್ಪ ಹೊತ್ತಿಗೆಲ್ಲ ಹಿತ್ತಿಲಲ್ಲಿ ಸದ್ದಾಯಿತು. ತಳ್ಳಿಕೊಂಡು ವಾಪಸು ಬಂದಿದ್ದರು. ಅಡಿಗೆಮನೆಗೆ ಬಂದು ಪ್ಲಗ್ಗನ್ನು ನನ್ನ ಅಂಗೈಯಲ್ಲಿಟ್ಟರು. ಒದ್ದೆ, ಕಪ್ಪು, ಮಿರಮಿರ ಕಾಡಿಗೆ.

"ರಿಂಗು ಸವೆದಿರ್ಬೇಕು," ಎಂದರು ಮುಖ ಆ ಕಡೆ ತಿರುಗಿಸಿ.

"ರೀ, ಎಷ್ಟು ಸಲ ಒತ್ತಿದ್ರಿ?"

ಇವರು ಒಲೆಯ ಮುಂದೆ ಕುಕ್ಕರಿಸಿ ಕೂತರು. "ಗೊತ್ತಿಲ್ಲ ಕಣೇ. ಒಂದು ಸಾಕೇನೋ ಅಂತ ಕೇಳೋರು ಯಾರೂ ಇರ್ಲಿಲ್ಲ. ಒತ್ತುತಾನೇ ಇದ್ದೆ."

ನಾನು ಇಕ್ಕಳ ತೆಗೆದುಕೊಂಡು ಪ್ಲಗ್ಗನ್ನು ಕೆಂಡದಲ್ಲಿಟ್ಟೆ. ಎಣ್ಣೆಯೆಲ್ಲ ಉರಿದು ತುದಿ ಕೆಂಪಗಾಗುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು.